ಒಬ್ಬರೇ ವೈದ್ಯರನ್ನು ವರ್ಷಗಟ್ಟಲೆ ಕಾಣುವುದರ ಪ್ರಯೋಜನವನ್ನು ಅಳೆಯಬಹುದೇ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ)

ಕುಟುಂಬ ವೈದ್ಯಶಾಸ್ತ್ರದ ನನ್ನ ಪ್ರಬಂಧಕ್ಕೆ ‘ಆರೈಕೆಯ ನಿರಂತರತೆ’ಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ರೋಗಿಯೊಬ್ಬರು ಒಬ್ಬರೇ ವೈದ್ಯರ ಬಳಿಗೆ ವರ್ಷಾನುಗಟ್ಟಲೆ ಹೋಗುತ್ತಿದ್ದರೆ ಅವರ ಆರೋಗ್ಯದಲ್ಲಿ ವ್ಯತ್ಯಾಸ ಕಾಣುತ್ತದೆಯೇ ಎಂಬುದು ನನ್ನ ಪ್ರಶ್ನೆ. ಇದು ಭಾವನೆಗೆ ಸೇರಿದ ಮಾತು, ಅಳತೆಗೆ ಸಿಕ್ಕುವಂಥದ್ದಲ್ಲ, ಅಳತೆಗೆ ಸಿಗದ್ದಕ್ಕೆ ಯಾವ ಸರ್ಕಾರವೂ ಹಣ ಒದಗಿಸುವುದಿಲ್ಲ ಎಂಬುದು ಮಾರ್ಗದರ್ಶಕರ ಆಕ್ಷೇಪ. ಇದನ್ನು ಯಾದೃಚ್ಛಿಕ ಪ್ರಯೋಗದಿಂದ ಪರೀಕ್ಷಿಸಲು ಸಾಧ್ಯವೇ? ಇಲ್ಲವಾದರೆ ಬೇರೆ ದಾರಿ ಯಾವುದು?

ಉತ್ತರ 1 (ಸಾರ್ವಜನಿಕ ಆರೋಗ್ಯ ಸಂಶೋಧಕ)

ಪ್ರಯೋಗ ನಡೆದಿದೆ. 55 ವರ್ಷ ದಾಟಿದ 776 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಪ್ರತಿಸಲವೂ ಅದೇ ವೈದ್ಯರು ಸಿಗುವಂತೆಯೂ ಇನ್ನೊಂದು ಗುಂಪಿನವರಿಗೆ ಸಿಗದಂತೆಯೂ ಏರ್ಪಡಿಸಿ, ಹದಿನೆಂಟು ತಿಂಗಳು ಗಮನಿಸಿದ ಅಮೆರಿಕದ ಅಧ್ಯಯನವೊಂದು 1984ರಲ್ಲಿಯೇ ಪ್ರಕಟವಾಗಿದೆ. ಮೊದಲ ಗುಂಪಿನಲ್ಲಿ ಆಸ್ಪತ್ರೆ ಸೇರಿದವರ ಪೈಕಿ ತುರ್ತಾಗಿ ಸೇರಬೇಕಾಗಿ ಬಂದವರ ಪ್ರಮಾಣ ಎರಡನೆಯದರ ಅರ್ಧದಷ್ಟಿತ್ತು. ಆದರೆ ನಿರಂತರತೆಯ ಫಲ ದಶಕಗಳಲ್ಲಿ ಕೂಡಿಬರುವಂಥದ್ದು. ಅಷ್ಟು ಕಾಲ ಒಬ್ಬರನ್ನು ವೈದ್ಯರಿಂದ ವೈದ್ಯರಿಗೆ ಬೇಕೆಂದೇ ಅಲೆಸುವ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಲಾರದು.

ಆದ್ದರಿಂದ ದಾಖಲೆಗಳನ್ನೇ ಆಧರಿಸಬೇಕಾಗುತ್ತದೆ. ನಾರ್ವೆಯಲ್ಲಿ 2001ರಿಂದ ಪ್ರತಿ ನಿವಾಸಿಗೂ ಹೆಸರು ನೋಂದಾಯಿತ ಕುಟುಂಬ ವೈದ್ಯರನ್ನು ಹೊಂದುವ ಹಕ್ಕಿದೆ. ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಲ್ಲಿನ ಅಧ್ಯಯನದಲ್ಲಿ, ಒಂದೇ ವೈದ್ಯರೊಡನೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇದ್ದವರಲ್ಲಿ, ಕೇವಲ ಒಂದು ವರ್ಷ ಇದ್ದವರಿಗೆ ಹೋಲಿಸಿದರೆ, ಸಾವಿನ ಸಂಭವ ಸುಮಾರು ಶೇ 25ರಷ್ಟು ಕಡಿಮೆಯಿತ್ತು. 2018ರ ಒಂದು ಸಮೀಕ್ಷೆಯು 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 18ರಲ್ಲಿ ನಿರಂತರತೆ ಹೆಚ್ಚಿದ್ದಲ್ಲಿ ಮರಣ ಕಡಿಮೆ ಎಂದು ತಿಳಿದುಬಂದಿತ್ತು. ಅಳೆಯಲಾಗದು ಎಂಬ ಮಾತು, ಹಾಗಾಗಿ, ನಿಲ್ಲುವುದಿಲ್ಲ.

ತೊಡಕಿರುವುದು ಬೇರೆಡೆ. ಕಾಯಿಲೆ ಬಿಗಡಾಯಿಸಿದವರು ಸಹಜವಾಗಿಯೇ ಹಲವು ವೈದ್ಯರನ್ನು ಕಾಣುತ್ತಾರೆ. ಆಗ ನಿರಂತರತೆ ಮುರಿದದ್ದರಿಂದ ಸಾವು ಬಂತೋ, ಸಾವು ಸಮೀಪಿಸಿದ್ದರಿಂದ ನಿರಂತರತೆ ಮುರಿಯಿತೋ ಎಂದು ಬಿಡಿಸುವುದು ಕಷ್ಟ. ನಿರಂತರತೆಯನ್ನು ಅಳೆಯುವ ಅವಧಿ ಮುಗಿದ ಮೇಲಷ್ಟೇ ಫಲಿತಾಂಶದ ಎಣಿಕೆಯನ್ನು ಆರಂಭಿಸಿ. ಹತ್ತು ಭೇಟಿಗಳಲ್ಲಿ ಏಳು ಒಬ್ಬರೇ ವೈದ್ಯರೊಡನೆ ಆಗಿದ್ದರೆ ಸೂಚ್ಯಂಕ 0.7 ಎನ್ನುವ ಸರಳ ಲೆಕ್ಕವನ್ನು ಬಳಸುವುದಾದರೆ, ಎರಡೇ ಭೇಟಿ ನೀಡಿದವರನ್ನು ಕೈಬಿಡಿ. ಅವರ ಸೂಚ್ಯಂಕ 0.5 ಅಥವಾ 1 ಆಗಲೇಬೇಕು, ನಡುವೆ ಏನೂ ಇಲ್ಲ.

ಉತ್ತರ 2 (ಕುಟುಂಬ ವೈದ್ಯೆ)

ಮಾರ್ಗದರ್ಶಕರ ಮಾತಿನ ಎರಡನೆಯ ಅರ್ಧವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. 2004ರಲ್ಲಿ ಬ್ರಿಟನ್ ಕುಟುಂಬ ವೈದ್ಯರ ಸಂಭಾವನೆಯ ಒಂದು ಭಾಗವನ್ನು ರಕ್ತದೊತ್ತಡ, ಸಕ್ಕರೆ ಕಾಯಿಲೆಯ ನಿಯಂತ್ರಣದಂಥ ಗುರಿಗಳಿಗೆ ಜೋಡಿಸಿತು. ಸಕ್ಕರೆ ಕಾಯಿಲೆ ಮತ್ತು ಉಬ್ಬಸದ ಆರೈಕೆ ಮೊದಮೊದಲು ಇನ್ನಷ್ಟು ವೇಗವಾಗಿ ಸುಧಾರಿಸಿತು, ಗುರಿ ತಲುಪಿದೊಡನೆ ಸುಧಾರಣೆಯ ವೇಗ ತಗ್ಗಿತು. ಉಬ್ಬಸ ಹಾಗೂ ಹೃದ್ರೋಗದಲ್ಲಿ ಹಣವಿಲ್ಲದ ಅಂಶಗಳು ಹಿಂದೆ ಬಿದ್ದವು, ನಿರಂತರತೆಯೂ ಕುಸಿಯಿತು. ಅದರ ಜೊತೆಗೆ, 48 ಗಂಟೆಗಳೊಳಗೆ ಯಾರಾದರೊಬ್ಬ ವೈದ್ಯರು ಸಿಗಬೇಕೆಂಬ ಇನ್ನೊಂದು ಗುರಿಯಿತ್ತು. ‘ಯಾರಾದರೊಬ್ಬ’ ಎಂಬ ಪದದಲ್ಲಿಯೇ ಎಲ್ಲವೂ ಇದೆ! ಬೇಗ ಸಿಗುವುದನ್ನು ಎಣಿಸುವುದು ಸುಲಭ, ಬೇಕಾದವರೇ ಸಿಗುವುದನ್ನು ಎಣಿಸುವುದು ಕಷ್ಟ; ನೀತಿಯು ಸುಲಭದ್ದನ್ನು ಆರಿಸಿಕೊಂಡಿತು. ಹಾಗೆಂದು ನಿರಂತರತೆಯನ್ನೇ ಇನ್ನೊಂದು ಗುರಿಯಾಗಿಸಿ ಹಣ ಕಟ್ಟಿದರೆ, ರೋಗಿಯು ಬೇರೆ ವೈದ್ಯರ ಅಭಿಪ್ರಾಯ ಕೇಳಲು ಹೊರಟಾಗ ತಡೆಯುವ ವೈದ್ಯರೂ ಹುಟ್ಟಿಕೊಂಡಾರು ಎಂಬ ಅಳುಕು ನನಗಿದೆ.

ಉತ್ತರ 3 (ಜೀವಸಂಖ್ಯಾಶಾಸ್ತ್ರಜ್ಞ)

ಎಲ್ಲರಿಗೂ ಇದು ಒಂದೇ ರೀತಿ ಬೇಕೆಂದು ಏಕೆ ಭಾವಿಸಬೇಕು? ಗಂಟಲುನೋವಿನ ಯುವಕನಿಗೆ ಇಂದೇ ಸಿಗುವ ವೈದ್ಯರು ಸಾಕು. ಹಲವು ದೀರ್ಘಕಾಲೀನ ಕಾಯಿಲೆಗಳು ಒಟ್ಟಿಗೆ ಇರುವವರ ಪಾಡು ಬೇರೆ. ಸ್ಕಾಟ್ಲೆಂಡಿನ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ನೋಡಿದ 2012ರ ಅಧ್ಯಯನದಲ್ಲಿ ಅಂಥವರು ಶೇ 23ರಷ್ಟಿದ್ದರು, ಮತ್ತು ಅತಿ ಬಡ ಪ್ರದೇಶಗಳಲ್ಲಿ ಈ ಸ್ಥಿತಿ ಹತ್ತು ಹದಿನೈದು ವರ್ಷ ಮೊದಲೇ ತಲೆದೋರುತ್ತಿತ್ತು. ಔಷಧ ಪ್ರಯೋಗಗಳು ಇಂಥವರನ್ನು ಅನೇಕ ವೇಳೆ ಹೊರಗಿಡುವುದರಿಂದ, ಒಂದೊಂದು ಕಾಯಿಲೆಯ ಮಾರ್ಗಸೂಚಿಯೂ ಇವರ ಮಟ್ಟಿಗೆ ಅರೆಬರೆ. ಯಾವ ಮಾತ್ರೆಯನ್ನು ನಿಲ್ಲಿಸಬಹುದು ಎಂದು ನಿರ್ಧರಿಸಲು ರೋಗಿಯ ಹಿಂದುಮುಂದು ಬಲ್ಲವರೇ ಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಎರಡಕ್ಕಿಂತ ಹೆಚ್ಚು ದೀರ್ಘಕಾಲೀನ ಕಾಯಿಲೆಗಳಿರುವ, ಅಳತೆಯ ಅವಧಿಯಲ್ಲಿ ಕನಿಷ್ಠ ನಾಲ್ಕು ಭೇಟಿ ನೀಡಿರುವ ರೋಗಿಗಳಿಗಷ್ಟೇ ಅಧ್ಯಯನವನ್ನು ಸೀಮಿತಗೊಳಿಸಿ, ಮರಣದ ಬದಲು ತುರ್ತಾಗಿ ಆಸ್ಪತ್ರೆ ಸೇರಿದ್ದನ್ನೂ ಏಕಕಾಲಕ್ಕೆ ಸೇವಿಸುತ್ತಿರುವ ಔಷಧಗಳ ಸಂಖ್ಯೆಯನ್ನೂ ಫಲಿತಾಂಶವಾಗಿ ಇಟ್ಟುಕೊಳ್ಳುತ್ತೇನೆ. ವೈದ್ಯರು ನಿವೃತ್ತರಾದ್ದರಿಂದ ನಿರಂತರತೆ ಮುರಿದವರನ್ನು ಪ್ರತ್ಯೇಕವಾಗಿ ನೋಡಿದರೆ, ಮುರಿಯಲು ರೋಗಿಯ ಸ್ಥಿತಿ ಕಾರಣವಲ್ಲವಾದ್ದರಿಂದ, ಮೊದಲ ಉತ್ತರದಲ್ಲಿ ಹೇಳಿದ ತೊಡಕು ಸ್ವಲ್ಪ ಸಡಿಲವಾಗಬಹುದೇ?