ಪದ ಬೇಕಾಗಿದೆ: ಹಳೆಯ ನಕ್ಷೆಗಳಲ್ಲಿ ಇಳಿಜಾರು ತೋರಿಸುವ ಗೆರೆ

ಪ್ರಶ್ನೆ:
ಮಾನ್ಯರೇ, ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಹಳೆಯ ನಕ್ಷೆಗಳ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಚಿತ್ರದ ಅಡಿಬರಹ ನಾಳೆ ಅಚ್ಚಿಗೆ ಹೋಗಬೇಕು. 1871ರಲ್ಲಿ ಅಮೆರಿಕದ ಸೇನೆಯ ಲೆಫ್ಟಿನೆಂಟ್ ಜಾರ್ಜ್ ವೀಲರ್ ಅವರ ತಂಡ ಆ ಸೀಮೆಯಲ್ಲಿ ಸರ್ವೆ ನಡೆಸಿತು. ವೀಲರ್ ನಕ್ಷೆಗಳಲ್ಲಿ ಬೆಟ್ಟಗಳನ್ನು ‘ಹ್ಯಾಶೂರ್’ಗಳಿಂದ ತೋರಿಸಿದ್ದಾರೆ. ನೀರು ಇಳಿಯುವ ದಿಕ್ಕಿಗೆ ಎಳೆದ ಸಣ್ಣ ಗೆರೆಗಳು ಅವು. ಕಡಿದಾದ ಕಡೆ ದಟ್ಟ, ಸಪಾಟಾದ ಕಡೆ ವಿರಳ. ಕನ್ನಡದಲ್ಲಿ ಏನೆನ್ನಬೇಕು? ‘ಸಮೋನ್ನತ ರೇಖೆ’ ಬೇಡ, ಅದು ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ.

ಉತ್ತರ 1:
ಫ್ರೆಂಚಿನಲ್ಲಿ ‘ಆಶೇ’ ಎಂದರೆ ಕೊಚ್ಚು. ಇಂಗ್ಲಿಷಿನ ‘ಹ್ಯಾಚೆಟ್’, ಅಂದರೆ ಕೈಗೊಡಲಿ, ಅದೇ ಬಳಗದ್ದು. ಆದ್ದರಿಂದ ‘ಕೊಚ್ಚುಗೆರೆ’. ‘ಸಮೋನ್ನತ’ವನ್ನೂ ಕಿತ್ತೆಸೆಯಿರಿ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಎಂಬ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿ ಯಾವ ಉನ್ನತಿ? ‘ಸರಿಮಟ್ಟದ ಗೆರೆ’ ಎಂದರೆ ಆ ತಗ್ಗಿಗೂ ಸಲ್ಲುತ್ತದೆ, 3,368 ಮೀಟರಿನ ಟೆಲಿಸ್ಕೋಪ್ ಶಿಖರಕ್ಕೂ ಸಲ್ಲುತ್ತದೆ.

ಉತ್ತರ 2:
‘ಕೊಚ್ಚುಗೆರೆ’ಯನ್ನು ಜನ ‘ಕೊಚ್ಚೆಗೆರೆ’ ಎಂದು ಓದುತ್ತಾರೆ. ಸಮೋನ್ನತ ರೇಖೆ ಶಾಲೆಯ ಮಕ್ಕಳಿಗೂ ಗೊತ್ತು. ಸೊನ್ನೆಯ ಕೆಳಗಿನದು ಋಣ ಎತ್ತರ, ಅಷ್ಟೇ. ಹ್ಯಾಶೂರ್ ಹ್ಯಾಶೂರಾಗಿಯೇ ಇರಲಿ.

ಉತ್ತರ 1:
ಇದ್ದರೆ ಓದುಗ ಅದನ್ನೂ ಮೈಸೂರಿನ ಪಕ್ಕದ ಊರು ಎಂದುಕೊಳ್ಳುತ್ತಾನೆ.

ಉತ್ತರ 2:
‘ನಕ್ಷೆ’ ಅರಬ್ಬಿ ಮೂಲದ್ದು, ‘ಜಮೀನು’ ಪಾರಸಿ, ‘ಸರ್ವೆ’ ಇಂಗ್ಲಿಷ್. ಇವನ್ನೂ ಕೊಚ್ಚುತ್ತೀರಾ ಸ್ವಾಮಿ? ತಹಸೀಲ್ದಾರರ ಕಚೇರಿಯಲ್ಲಿ ‘ನೆಲದಳತೆ’ ಎಂದು ಕೇಳಿ ನೋಡಿ.

ಉತ್ತರ 3:
ಅವಸರದಲ್ಲಿರುವವರಿಗೆ ಮೊದಲು ಪದ ಕೊಡಿ. ‘ಇಳಿಜಾರು ಗೀರು’ ಸಾಕು. ಕಾಂಟೂರ್ ನಕ್ಷೆಗಳಲ್ಲಿಯೂ ಸುತ್ತ ಏರಿ ನಡುವೆ ತಗ್ಗಿರುವ ಜಾಗಗಳಿದ್ದರೆ ಗೆರೆಗೆ ಒಳಮುಖವಾಗಿ ಪುಟ್ಟ ಗೀರುಗಳನ್ನು ಹಾಕುತ್ತಾರೆ. ಅವಕ್ಕೂ ಈ ಮಾತು ಒಗ್ಗುತ್ತದೆ. ಅಡಿಬರಹದಲ್ಲಿ ‘ಎತ್ತರ ತೋರಿಸುವ’ ಎಂದು ಮಾತ್ರ ಬರೆಯಬೇಡಿ. ಈ ಗೀರುಗಳಿಂದ ಯಾವ ಮಗ್ಗುಲು ಕಡಿದು ಎಂದು ತಿಳಿಯುತ್ತದೆ. ಬೆಟ್ಟ ಎಷ್ಟು ಅಡಿ ಎಂದು ತಿಳಿಯುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಅಂಕಿ ಬರೆದಿರಬೇಕು, ಇಲ್ಲವೇ ಕಾಂಟೂರ್ ಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ‘ಇಳಿಜಾರು ಗೀರುಗಳಿಂದ ಬಿಡಿಸಿದ ಡೆತ್ ವ್ಯಾಲಿ’ ಎಂದು ಕಳುಹಿಸಿದ್ದೇನೆ.

ಉತ್ತರ 1:
‘ಸಾವಿನ ಕಣಿವೆ’ ಎನ್ನಲು ಏನು ಅಡ್ಡಿಯಾಗಿತ್ತು?

ಉತ್ತರ 2:
ಹೆಸರನ್ನು ಅನುವಾದಿಸಬಾರದು. ನಿಮ್ಮ ಟೆಲಿಸ್ಕೋಪ್ ಶಿಖರವನ್ನು ‘ದೂರದರ್ಶಕ ಬೆಟ್ಟ’ ಎಂದು ಏಕೆ ಬರೆಯಲಿಲ್ಲ?