ಪ್ರವಾಸದ ನಡುವೆ ಷೆಂಗೆನ್ ವೀಸಾ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ದಿಕ್ಕು ತೋಚದೆ ಕುಳಿತಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸದ್ಯ ನಾನು ಪ್ರವಾಸಿ ವೀಸಾದಲ್ಲಿ ವಿದೇಶದಲ್ಲಿದ್ದೇನೆ. ಇಲ್ಲಿರಲು ಇನ್ನು 40 ದಿನ ಅನುಮತಿಯಿದೆ. ಸ್ವದೇಶಕ್ಕೆ ಮರಳದೆ ಇಲ್ಲಿಂದಲೇ ಯುರೋಪಿಗೆ ಹೋಗೋಣವೆಂದು 30,000 ಯೂರೋ ಮೊತ್ತದ ವಿಮೆ, ಹೋಟೆಲ್ ಬುಕಿಂಗ್, ಬ್ಯಾಂಕ್ ವಿವರ ಎಲ್ಲವನ್ನೂ ಹೊಂದಿಸಿಕೊಂಡು, ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಅರ್ಜಿ ಹಾಕಲು ಇಲ್ಲಿರುವ ಒಂದು ಯುರೋಪ್ ದೇಶದ ದೂತಾವಾಸಕ್ಕೆ ಹೋದೆ. ಕಡತವನ್ನು ಬಿಚ್ಚಿಯೂ ನೋಡಲಿಲ್ಲ. "ಇಲ್ಲಿನ ನಿವಾಸ ಪರವಾನಗಿ ಇಲ್ಲದಿದ್ದರೆ ನಿಮ್ಮ ದೇಶದಲ್ಲೇ ಅರ್ಜಿ ಹಾಕಿ" ಎಂದು ಕಳುಹಿಸಿಬಿಟ್ಟರು. ಇಮೇಲ್ ಬರೆದೆ, ಅದಕ್ಕೂ ಇದೇ ಉತ್ತರ.

ಆದರೆ ಯುರೋಪಿನ ವೀಸಾ ಸಂಹಿತೆಯ 6ನೇ ವಿಧಿಯನ್ನು ನಾನೇ ಓದಿದ್ದೇನೆ. ನಿವಾಸಿಯಲ್ಲದಿದ್ದರೂ ಕಾನೂನುಬದ್ಧವಾಗಿ ಇಲ್ಲಿರುವವರು, ಇಲ್ಲೇ ಅರ್ಜಿ ಹಾಕಲು ತಕ್ಕ ಕಾರಣ ಕೊಟ್ಟರೆ ಪರಿಶೀಲಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ನನಗೆ ತಿಳಿಯದಿರುವುದು ಇಷ್ಟೇ: ಆ "ತಕ್ಕ ಕಾರಣ" ಯಾವುದು? ಹಲವು ತಿಂಗಳ ಪ್ರವಾಸದ ನಡುವೆ ಇದ್ದೇನೆ, ವಾಪಸ್ ಹೋಗಿಬರುವುದು ದೊಡ್ಡ ಖರ್ಚು ಎಂದರೆ ಸಾಕೇ?

ಇನ್ನೊಂದು ಭಯವೂ ಇದೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಆಗಬಹುದಂತೆ. ಅಷ್ಟರಲ್ಲಿ ನನ್ನ ಅನುಮತಿ ಮುಗಿದು, ಪಾಸ್‌ಪೋರ್ಟ್ ಅವರ ಬಳಿಯೇ ಉಳಿದರೆ ಗತಿಯೇನು?

ಹೀಗೆ ಪ್ರವಾಸಿಯಾಗಿದ್ದುಕೊಂಡೇ ಬೇರೆ ದೇಶದಿಂದ ಷೆಂಗೆನ್ ವೀಸಾ ಪಡೆದವರು ಯಾರಾದರೂ ಇದ್ದೀರಾ? ವಿವರಣಾ ಪತ್ರದಲ್ಲಿ ಯಾವ ಕಾರಣ ಬರೆದಿರಿ, ಜೊತೆಗೆ ಯಾವ ದಾಖಲೆ ಕೊಟ್ಟಿರಿ?