540 ಜೀಪಿಗೆ ಹಳೇ ಎಂಜಿನ್: ಗುಜರಿಯಿಂದ ತರೋದಾ, ಇರೋದನ್ನೇ ಬಿಚ್ಚಿಸೋದಾ?

ಕಾಫಿತೋಟ_540:
ನನ್ನ ಹತ್ತಿರ ಮಹೀಂದ್ರ ಎಂಎಂ 540 ಇದೆ. ಸೋಮವಾರಪೇಟೆ ಕಡೆ ತೋಟಕ್ಕೆ ಓಡುವ ಗಾಡಿ. 2112 ಸಿಸಿಯ ಹಳೇ ಪ್ಯೂಜೋ ಡೀಸೆಲ್. ಏರು ಬಂದರೆ ಎಳೆಯುವುದಿಲ್ಲ, ಆಯಿಲ್ ಕುಡಿಯುತ್ತದೆ, ಚಳಿಗೆ ಹೀಟರ್ (ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಎಷ್ಟು ಕೊಟ್ಟರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಕ್ರ್ಯಾಂಕ್ ಶಾಫ್ಟ್ ಉಜ್ಜಿಸಿ ಗ್ರೈಂಡ್ ಮಾಡಿಸೋಣ ಅನ್ನುತ್ತಾರೆ ಗ್ಯಾರೇಜಿನವರು. ಅಷ್ಟರಲ್ಲಿ ಮೈಸೂರಿನ ಒಂದು ಗುಜರಿಯಲ್ಲಿ ಎಕ್ಸ್‌ಡಿ3ಪಿ, ಅಂದರೆ 2498 ಸಿಸಿಯ ಪ್ಯೂಜೋ, ಐದು ಗೇರಿನ ಬಾಕ್ಸ್ ಸಮೇತ ಸಿಕ್ಕಿದೆ. ನಲವತ್ತೈದು ಸಾವಿರ ಹೇಳುತ್ತಿದ್ದಾರೆ. ನೆಲದ ಮೇಲೆಯೇ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ ತೋರಿಸಿದರು. ಸದ್ದು ಚೆನ್ನಾಗಿದೆ. ತಗೊಳ್ಳಲಾ? ಇನ್ನೇನು ನೋಡಬೇಕು?

ಗುಜರಿಗುರು:
ಸದ್ದು ಕೇಳಿ ಎಂಜಿನ್ ತಗೊಳ್ಳುವವರಿಂದಲೇ ನಮ್ಮ ಬೆಂಗಳೂರಿನ ಬಿಡಿಭಾಗದ ಬೀದಿ ಜೆ.ಸಿ. ರೋಡ್ ಬದುಕಿರುವುದು. ದಪ್ಪ ಆಯಿಲ್ ಹಾಕಿದರೆ ಎಂಥ ಎಂಜಿನ್ನೂ ಅರ್ಧ ಗಂಟೆ ಸುಮ್ಮನೆ ಕೂರುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗೆ ಮಾಡಿ ಅದೇ ಬಾಯಿ ಮೇಲಿಡಿ. ಮುಚ್ಚಳ ಕುಣಿದರೆ ರಿಂಗ್ ಹೋಗಿದೆ ಅಂತ ಅರ್ಥ, ಪಿಸ್ಟನ್ ಸುತ್ತಿನ ರಿಂಗ್ ಸವೆದು ಗಾಳಿ ಕೆಳಗೆ ನುಗ್ಗುತ್ತಿದೆ. ಕುಣಿಯದಿದ್ದರೆ ದುಡ್ಡು ಕೊಟ್ಟು ಲೋಡ್ ಮಾಡಿಸಿ.

ಲೇತ್‌ರಾಯ:
"ಮುಚ್ಚಳ ಕುಣಿದರೆ ರಿಂಗ್ ಹೋಗಿದೆ" ಅಂತೆ. ಸ್ವಾಮಿ, ಹಳೇ ಡೀಸೆಲ್‌ನಲ್ಲಿ ಮುಚ್ಚಳ ಸ್ವಲ್ಪ ಅಲುಗಾಡಿಯೇ ಆಡುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಕೆಸರು ಕಟ್ಟಿದ್ದರೆ ಒಳ್ಳೆ ಎಂಜಿನ್‌ನಲ್ಲೂ ಕುಣಿಯುತ್ತದೆ. ಗಾಳಿಗೆ ಹೋಗಲು ಬೇರೆ ದಾರಿ ಎಲ್ಲಿದೆ? ಮೊದಲು ಬ್ರೀದರ್ ಬಿಚ್ಚಿ ನೋಡಿ, ಆಮೇಲೆ ಮುಚ್ಚಳದ ಮಾತು. ಮೂವತ್ತು ವರ್ಷದಿಂದ ಲೇತ್ ಮುಂದೆ ನಿಂತಿದ್ದೇನೆ. ಹೆಡ್ ಇಳಿಸದೆ, ಬೋರ್‌ಗೆ ಗೇಜ್ ಹಾಕದೆ ಎಂಜಿನ್ ಬಗ್ಗೆ ಮಾತಾಡಬಾರದು.

ಗುಜರಿಗುರು:
"ಹೆಡ್ ಇಳಿಸದೆ" ಮಾತಾಡಬಾರದಂತೆ. ಯಾವ ಗುಜರಿಯವನು ದುಡ್ಡು ಕೊಡುವ ಮೊದಲೇ ಹೆಡ್ ಇಳಿಸಲು ಬಿಡುತ್ತಾನೆ? ನೀವು ಲೇತ್ ಮುಂದೆ ನಿಂತಿದ್ದೀರಿ ಸರಿ, ಗುಜರಿ ಮುಂದೆ ಯಾವತ್ತಾದರೂ ನಿಂತಿದ್ದೀರಾ?

ಡಿಐ_ಧಾರವಾಡ:
ನೋಡ್ರಿ, ಮೂಲ ಪ್ರಶ್ನೆನೇ ತಪ್ಪು. ಎಕ್ಸ್‌ಡಿ3ಪಿ ಯಾಕೆ? ಹಳೇ ಬೊಲೆರೊದಾಗ ಬರ್ತಿದ್ದ 2523 ಸಿಸಿ ಡಿಐ ಹಾಕ್ರಿ, ಅಂದ್ರ ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮೋ ಎಂಜಿನ್. ಹೀಟರ್ ಕೊಟ್ಟು ಕಾಯೋ ತಲೆನೋವಿಲ್ಲ. ಮಹೀಂದ್ರದವರೇ ಪ್ಯೂಜೋನ ಸುಧಾರಿಸಿ ಮಾಡಿದ ಎಂಜಿನ್ ಅದು. ಸಾಮಾನು ಯಾವ ಊರಾಗ ಬೇಕಾದ್ರೂ ಸಿಗತೈತಿ.

ಲೇತ್‌ರಾಯ:
"ಪ್ಯೂಜೋನ ಸುಧಾರಿಸಿ"? ಅಳತೆ ನೋಡಿ ಮಾತಾಡಿ. ಎಕ್ಸ್‌ಡಿ3ಪಿ ಬೋರ್ (ಸಿಲಿಂಡರ್ ಅಗಲ) 94, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿಲಿಮೀಟರ್. ಡಿಐ ಬೋರ್ 88.9, ಸ್ಟ್ರೋಕ್ 101.6. ಸರಿಯಾಗಿ ಮೂರೂವರೆ ಇಂಚು, ನಾಲ್ಕಿಂಚು. ಫ್ರಾನ್ಸಿನವರು ಇಂಚಿನಲ್ಲಿ ಎಂಜಿನ್ ಮಾಡುತ್ತಾರಾ? ಅದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ಎಂಜಿನ್ ವಂಶ. ಅದರ ಸ್ಟ್ರೋಕೂ ನಾಲ್ಕಿಂಚೇ.

ಡಿಐ_ಧಾರವಾಡ:
ಟ್ರ್ಯಾಕ್ಟರ್ ಅಂದ್ರ ಬೈಗುಳ ಅನ್ಕೊಂಡ್ರೇನು? ಸ್ಟ್ರೋಕ್ ಉದ್ದ ಇದ್ರ ಕೆಳಗಿನ ಆರ್‌ಪಿಎಮ್ಮಿನಾಗ ಎಳೆತ ಜಾಸ್ತಿ. ತೋಟದಾಗ ಬೇಕಾಗಿರೋದು ಅದೇ. ನೀವೇ ನನ್ನ ಪರ ಸಾಕ್ಷಿ ಕೊಟ್ರಿ.

ಹರಿಕೇನ್_ಪ್ರೇಮಿ:
ಜೀಪಿನಲ್ಲಿ ಡೀಸೆಲ್ ಹಾಕಿದ ದಿನವೇ ಜೀಪ್ ಸತ್ತಿತು. ವಿಲ್ಲೀಸ್ ಹರಿಕೇನ್ ಪೆಟ್ರೋಲ್ ಎಂಜಿನ್, 2199 ಸಿಸಿ. ಇನ್‌ಟೇಕ್ ವಾಲ್ವ್ ಮೇಲೆ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನೊಳಗೆ, ಸಿಲಿಂಡರಿನ ಪಕ್ಕದಲ್ಲಿ. ಒಂದು ಸ್ಪ್ಯಾನರ್ ಸೆಟ್ಟಿನಲ್ಲಿ ಪೂರ್ತಿ ಬಿಚ್ಚಬಹುದು. ಅದನ್ನು ಹುಡುಕಿ.

ಕಾಫಿತೋಟ_540:
ಪೆಟ್ರೋಲ್ ದುಡ್ಡು ನೀವು ಕೊಡುತ್ತೀರಾ ಸಾರ್?

ಹರಿಕೇನ್_ಪ್ರೇಮಿ:
ದುಡ್ಡಿನ ಲೆಕ್ಕ ಹಾಕುವವರು ಹಳೇ ಗಾಡಿ ಇಟ್ಟುಕೊಳ್ಳಬಾರದು.

ಮಿಷಿಗನ್_ಮಾವ:
ನಾನು ಇಲ್ಲಿ ಡೆಟ್ರಾಯಿಟ್ ಹತ್ತಿರ ಒಂದು ಹಳೇ ಷೆವಿ ಪಿಕಪ್ ಹಾಟ್ ರಾಡ್ ಮಾಡುತ್ತಿದ್ದೇನೆ. ಹಳೇ ಸ್ಮಾಲ್ ಬ್ಲಾಕ್ 350 ಎಂಜಿನ್ ತೆಗೆದು ಜಂಕ್‌ಯಾರ್ಡಿನಿಂದ 5.3 ಲೀಟರ್ ವಿ8 ತಂದೆ, ಟ್ರಕ್ಕಿನದ್ದು. ಮೂರು ಕೆಲಸ ಮಾಡಿ. ಒಂದು, ಬ್ಲಾಕಿನ ಮೇಲಿನ ಎರಕದ ನಂಬರ್ ಓದಿ. ಮಾರುವವರು ಹೇಳುವ ಸಿಸಿ ನಂಬಬೇಡಿ. ಎರಡು, ಲೀಕ್‌ಡೌನ್ ಟೆಸ್ಟ್. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಕೊಟ್ಟು ಎಲ್ಲಿಂದ ಸೋರುತ್ತದೆ ಕೇಳಿ. ಆಯಿಲ್ ಬಾಯಿಯಿಂದ ಬಂದರೆ ರಿಂಗ್, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಆಗ ಮುಚ್ಚಳದ ಜಗಳವೇ ಬೇಡ. ಮೂರು, ವಾರಂಟಿ ಬರೆಸಿಕೊಳ್ಳಿ. ಇಲ್ಲಿ ಸಾಮಾನ್ಯವಾಗಿ ಮೂವತ್ತು ದಿನ ಕೊಡುತ್ತಾರೆ.

ಗುಜರಿಗುರು:
"ವಾರಂಟಿ ಬರೆಸಿಕೊಳ್ಳಿ"! ಮಾವ, ನೀವು ಊರು ಬಿಟ್ಟು ಎಷ್ಟು ವರ್ಷವಾಯಿತು? ಇಲ್ಲಿ ಬಿಲ್ಲೇ ಕೇಳಿ ಪಡೆಯಬೇಕು. ನಮ್ಮ ವಾರಂಟಿ ಗೇಟ್ ದಾಟುವವರೆಗೆ ಮಾತ್ರ.

ಮಿಷಿಗನ್_ಮಾವ:
ಅದಕ್ಕೇ ಅಲ್ವಾ ಬರೆಸಿಕೊಳ್ಳಿ ಅಂದದ್ದು? ಕೇಳದೆ ಇದ್ದರೆ ಯಾರು ಕೊಡುತ್ತಾರೆ? ಲೀಕ್‌ಡೌನ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ?

ಲೇತ್‌ರಾಯ:
ಯಾಕೆಂದರೆ ಬೋರ್ ಎಷ್ಟು ಮೊಟ್ಟೆಯಾಕಾರಕ್ಕೆ ಬಂದಿದೆ, ಕ್ರ್ಯಾಂಕ್ ಈಗಾಗಲೇ ಎಷ್ಟು ಸಲ ಗ್ರೈಂಡ್ ಆಗಿದೆ ಅಂತ ಗಾಳಿ ಹೇಳುವುದಿಲ್ಲ. ಕ್ರ್ಯಾಂಕ್ ಉಜ್ಜಿ ಉಜ್ಜಿ ಸಣ್ಣದಾಗಿ ಕೊನೇ ಅಂಡರ್‌ಸೈಜಿಗೆ ಬಂದಿದ್ದರೆ ಮುಂದಿನ ಬೇರಿಂಗ್ ಸೆಟ್ಟೇ ಇಲ್ಲ. ಆಗ ಎಂಜಿನ್ ಅಲ್ಲ, ಕಬ್ಬಿಣ ತಂದ ಹಾಗೆ.

ಗುಜರಿಗುರು:
ಮುಚ್ಚಳಕ್ಕೆ ಬನ್ನಿ. ಬ್ರೀದರ್ ಕಟ್ಟಿದೆ ಅಂತ ಜಾರಿಕೊಂಡಿರಿ. ಬ್ರೀದರ್ ತೆಗೆದಿಟ್ಟರೂ ಮುಚ್ಚಳ ಕುಣಿದರೆ?

ಲೇತ್‌ರಾಯ:
ಬಿಸಿಯಾದ ಮೇಲೋ, ತಣ್ಣಗಿದ್ದಾಗಲೋ? ತಣ್ಣಗಿರುವಾಗ ಪಿಸ್ಟನ್ನಿಗೂ ಬೋರ್‌ಗೂ ನಡುವೆ ಜಾಗ ಜಾಸ್ತಿ. ರಿಂಗಿನ ಬಾಯಿಯೂ ಅಗಲ. ಗಾಳಿ ಕೆಳಗೆ ಇಳಿದೇ ಇಳಿಯುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಆಮೇಲೆ ಮುಚ್ಚಳ ಇಡಿ. ಇದನ್ನು ನೀವು ಹೇಳಲೇ ಇಲ್ಲ.

ಗುಜರಿಗುರು:
ಅಂದರೆ ಬಿಸಿಯಾದ ಮೇಲೆ ಮುಚ್ಚಳ ಪರೀಕ್ಷೆ ಸರಿ ಅಂತ ನೀವೇ ಒಪ್ಪಿದಿರಿ. ಎಲ್ಲರೂ ಓದಿಕೊಳ್ಳಿ.

ಲೇತ್‌ರಾಯ:
ಒಪ್ಪಿಲ್ಲ. ಸರಿಯಾಗಿ ಓದಿ. ಬಿಸಿಯಾದ ಮೇಲೆ ಇಟ್ಟರೂ ಅದು ನಾಲ್ಕು ಸಿಲಿಂಡರಿನ ಒಟ್ಟು ಕಥೆ. ಮೂರು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ ಗೊತ್ತಾಗುತ್ತದಾ? ಅದಕ್ಕೆ ಕಂಪ್ರೆಷನ್ ಗೇಜ್ ಬೇಕು. ಪ್ಯೂಜೋದಲ್ಲಿ ಹೀಟರ್ ಪ್ಲಗ್ ಬಿಚ್ಚಿ ಆ ತೂತಿಗೇ ಗೇಜ್ ಹಾಕಬಹುದು. ಡೀಸೆಲ್ ಗೇಜ್ ಇರಬೇಕು, ಪೆಟ್ರೋಲ್ ಗಾಡಿಯದ್ದು ಸಾಲದು. ನಾಲ್ಕೂ ಹತ್ತಿರ ಹತ್ತಿರ ಬಂದರೆ ಸಾಕು, ನಂಬರ್ ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ. ಒಂದೇ ಒಂದು ಕೆಳಗೆ ಬಿದ್ದಿದ್ದರೆ ಬಿಟ್ಟು ಬನ್ನಿ.

ಡಿಐ_ಧಾರವಾಡ:
"ನಂಬರ್ ಕಡಿಮೆ ಇದ್ದರೂ ಪರವಾಗಿಲ್ಲ" ಅಂತ ಲೇತಿನವರೇ ಹೇಳಿದ ಮ್ಯಾಲೆ ಮುಗೀತು. ಕಂಪ್ರೆಷನ್ ಕಡಿಮೆ ಆದ ಪ್ಯೂಜೋ ಚಳಿಗೆ ಏಳಂಗಿಲ್ಲ. ಅವರು ಎಂಜಿನ್ ಬದಲಿ ಮಾಡೋದೇ ಅದಕ್ಕ. ಇಲ್ಲಿ ಡಿಐ ಆಗಿದ್ರ ಈ ಚರ್ಚೆನೇ ಇರ್ತಿರಲಿಲ್ಲ.

ಲೇತ್‌ರಾಯ:
"ಸ್ವಲ್ಪ" ಅಂತ ಬರೆದಿದ್ದೆ. ಆ ಪದ ನಿಮಗೆ ಕಾಣಲಿಲ್ಲ.

ಆಕ್ಸೆಲ್_ವಕೀಲ:
ಎಲ್ಲರೂ ಮುಚ್ಚಳ ಹಿಡಿದುಕೊಂಡಿದ್ದೀರಿ. ಆರ್‌ಸಿ ಬಗ್ಗೆ ಒಬ್ಬರೂ ಕೇಳಿಲ್ಲ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು ಅಂತ. 2112 ಸಿಸಿ ಬರೆದಿರುವ ಆರ್‌ಸಿಯಲ್ಲಿ 2498 ಸಿಸಿ ಓಡಿಸಿದರೆ ಸೆಕ್ಷನ್ 182ಎ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ ಐದು ಸಾವಿರ ದಂಡ, ಅಥವಾ ಎರಡೂ.

ಗುಜರಿಗುರು:
"ಐದು ಸಾವಿರ ದಂಡ" ಅಷ್ಟೇನಾ? ಇಂಜೆಕ್ಟರ್ ಸರ್ವಿಸಿಗೂ ಅಷ್ಟಾಗುತ್ತದೆ. ಮುಂದೆ ಹೋಗಿ.

ಆಕ್ಸೆಲ್_ವಕೀಲ:
ಜೈಲು ಅನ್ನುವ ಪದ ಬಿಟ್ಟು ದಂಡ ಮಾತ್ರ ಓದಿದಿರಿ. ಚೆನ್ನಾಗಿದೆ. ಅಪಘಾತವಾದ ದಿನ ಇನ್ಶೂರೆನ್ಸಿನವರು ಮೊದಲು ನೋಡುವುದು ಎಂಜಿನ್ ನಂಬರ್.

ಡಿಐ_ಧಾರವಾಡ:
ಆ ಕೇಸು ಕೇರಳದ್ದು. ಕರ್ನಾಟಕಕ್ಕೆ ಯಾಕ ತರ್ತೀರಿ?

ಆಕ್ಸೆಲ್_ವಕೀಲ:
ಸುಪ್ರೀಂ ಕೋರ್ಟ್ ಇರುವುದು ದೆಹಲಿಯಲ್ಲಿ ಸ್ವಾಮಿ, ಕೇರಳದಲ್ಲಿ ಅಲ್ಲ. ತೀರ್ಪು ಇಡೀ ದೇಶಕ್ಕೆ.

ಮಿಷಿಗನ್_ಮಾವ:
ಇಲ್ಲಿ ಮಿಷಿಗನ್‌ನಲ್ಲಿ ಹೊಗೆ ಪರೀಕ್ಷೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಷ್ಟ. ಅಲ್ಲಿ ಕೂಡ 1975 ಮತ್ತು ಅದಕ್ಕೂ ಹಳೇ ಪೆಟ್ರೋಲ್ ಗಾಡಿಗಳಿಗೆ ವಿನಾಯಿತಿ ಇದೆ. ನಮ್ಮಲ್ಲೂ ಹಳೇ ಗಾಡಿಗೆ ಅಂಥದ್ದು ತಂದರೆ ಹವ್ಯಾಸ ಬೆಳೆಯುತ್ತದೆ.

ಹರಿಕೇನ್_ಪ್ರೇಮಿ:
ನಮ್ಮಲ್ಲೂ ಇದೆ. 2021ರ ವಿಂಟೇಜ್ ನಿಯಮ. ಐವತ್ತು ವರ್ಷ ದಾಟಿದ ಗಾಡಿಗೆ "ವಿಎ" ಅಕ್ಷರದ ನಂಬರ್ ಪ್ಲೇಟ್. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನೋಡಿದಿರಾ? ಸರ್ಕಾರವೂ ನನ್ನ ಪರ. ಜೀಪಿಗೆ ಪೆಟ್ರೋಲೇ.

ಆಕ್ಸೆಲ್_ವಕೀಲ:
ಆ ನಿಯಮದಲ್ಲಿ ದಿನನಿತ್ಯ ಓಡಿಸಬಾರದು ಅಂತಲೂ ಇದೆ. ಅದನ್ನು ಬಿಟ್ಟಿರಿ. ಅಷ್ಟಕ್ಕೂ ಅವರ 540 ಮೂಲದಲ್ಲೇ ಡೀಸೆಲ್.

ಕಾಫಿತೋಟ_540:
ನನ್ನ ಗಾಡಿಗೆ ಐವತ್ತೂ ಆಗಿಲ್ಲ. ಒಂದು ಕೇಳಲಾ? ಗೇರ್‌ಬಾಕ್ಸ್ ಸಮೇತ ತಗೊಂಡರೆ, ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಕೂರುತ್ತದಾ? ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಯಿಸಬೇಕಾ? ಎಂಜಿನ್ನಿನ ಹಳೇ ಆರ್‌ಸಿ ಜೆರಾಕ್ಸ್ ಕೊಡುತ್ತೇನೆ ಅಂದಿದ್ದಾರೆ.

ಗುಜರಿಗುರು:
"ಜೆರಾಕ್ಸ್" ಸಾಲದು. ಆ ನಂಬರನ್ನು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವಾಹನ್ ಸಮನ್ವಯದಲ್ಲಿ ಹಾಕಿ, ಕದ್ದ ಗಾಡಿಯದ್ದಾ ಅಂತ ನೋಡಿ. ನಂಬರಿನ ಸುತ್ತ ಉಜ್ಜಿದ ಗುರುತು, ಅಕ್ಷರ ಮೇಲೆ ಕೆಳಗೆ ಆಗಿರುವುದು ಕಂಡರೆ ಮುಟ್ಟಲೇಬೇಡಿ. ಅಂದ ಹಾಗೆ ಮುಚ್ಚಳ ಇಟ್ಟು ನೋಡಿದಿರಾ ಇಲ್ಲವಾ?

ಲೇತ್‌ರಾಯ:
ಗೇರ್‌ಬಾಕ್ಸ್ ಕೇಳಿದರೆ ಮುಚ್ಚಳ!

ಗುಜರಿಗುರು:
ನಿಮಗೆ ಗೊತ್ತಿದ್ದರೆ ನೀವೇ ಹೇಳಿ.

ಲೇತ್‌ರಾಯ:
ಹೇಳುತ್ತೇನೆ. ನಾಲ್ಕು ಗೇರಿನ ಬಾಕ್ಸ್ ತೆಗೆದು ಐದರದ್ದು ಕೂರಿಸಿದರೆ ಉದ್ದ ಅದೇ ಇರುತ್ತದೆ ಅಂತ ನಂಬಬೇಡಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಟೇಪ್ ಹಿಡಿಯಿರಿ. ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿದರೆ ಹಿಂದಿನ ಶಾಫ್ಟ್ ಕಟ್ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು, ಮುಂದಿನದು ಉದ್ದವಾಗಬೇಕು. ಎಂಜಿನ್ ಮೌಂಟಿಂಗ್, ಕ್ಲಚ್ ಲಿಂಕೇಜ್, ಸೈಲೆನ್ಸರ್ ಪೈಪ್, ಎಲ್ಲಕ್ಕೂ ಖರ್ಚಿದೆ. ಎಂಜಿನ್ ಅಗ್ಗ, ಅದನ್ನು ಕೂರಿಸುವುದು ದುಬಾರಿ. ಅದಕ್ಕೇ ನಿಮ್ಮ 2112ನ್ನೇ ಬಿಚ್ಚಿಸಿ ಅನ್ನುವುದು.

ಡಿಐ_ಧಾರವಾಡ:
ಲೇತಿನವರು ಬೋರ್ ಮಾಡಿಸ್ರಿ ಅನ್ನದೆ ಇನ್ನೇನಂತಾರ? ಅಂಗಡಿ ನಡೀಬೇಕಲ್ಲ.

ಲೇತ್‌ರಾಯ:
ನನ್ನ ಅಂಗಡಿ ಇರುವುದು ಹುಬ್ಬಳ್ಳಿಯಲ್ಲಿ. ಸೋಮವಾರಪೇಟೆಯ ಬ್ಲಾಕ್ ಇಲ್ಲಿಗೆ ಬರುವುದಿಲ್ಲ. ಬಾಯಿಗೆ ಬಂದ ಹಾಗೆ ಬರೆಯಬೇಡಿ. ನಿಮ್ಮ ಡಿಐ ಬೊಲೆರೊ ಹೆಡ್ ಎಷ್ಟು ಸಲ ನನ್ನ ಹತ್ತಿರ ಬಂದಿದೆ ಅಂತ ಇಲ್ಲಿ ಬರೆಯಲಾ?

ಡಿಐ_ಧಾರವಾಡ:
ಬಿಸಿ ಮಾಡಿ ಓಡಿಸಿದ್ದು ಡ್ರೈವರ್ ತಪ್ಪು. ಎಂಜಿನ್ ತಪ್ಪಲ್ಲ.

ಹರಿಕೇನ್_ಪ್ರೇಮಿ:
ಅಂತೂ ಡೀಸೆಲ್ ಹೆಡ್ ಹೋಗುತ್ತದೆ ಅಂತ ಒಪ್ಪಿದಿರಿ.

ಕಾಫಿತೋಟ_540:
ಇವತ್ತು ಬೆಳಗ್ಗೆ ಗುಜರಿಗೆ ಫೋನ್ ಮಾಡಿದೆ. ಡೀಸೆಲ್ ಗೇಜ್ ತಗೊಂಡು ನಾಳೆ ಬರುತ್ತೇನೆ ಅಂತ ಹೇಳೋಣ ಅಂದುಕೊಂಡಿದ್ದೆ. ಎಂಜಿನ್ ನಿನ್ನೆ ಸಂಜೆಯೇ ಹೋಯಿತಂತೆ. ಬೆಂಗಳೂರಿನವರೊಬ್ಬರು ಬಂದು, ಮುಚ್ಚಳ ತಲೆಕೆಳಗೆ ಇಟ್ಟು, "ಕುಣಿಯುತ್ತಿದೆ ನೋಡಿ" ಅಂತ ಏಳು ಸಾವಿರ ಇಳಿಸಿ ಲೋಡ್ ಮಾಡಿಸಿಕೊಂಡು ಹೋದರಂತೆ.

ಲೇತ್‌ರಾಯ:
ಗುರುಗಳೇ?

ಗುಜರಿಗುರು:
ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ. ಯಾರೇ ಆಗಲಿ, ಮುಚ್ಚಳ ಪರೀಕ್ಷೆಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ ಅಂತ ಸಾಬೀತಾಯಿತಲ್ಲ.

ಲೇತ್‌ರಾಯ:
ಚೌಕಾಸಿಗೆ ಬೆಲೆ ಇದೆ ಅಂತ ಸಾಬೀತಾಯಿತು. ಕುಣಿದರೆ ರಿಂಗ್ ಹೋಗಿದೆ ಅಂದವರು, ಕುಣಿದ ಎಂಜಿನ್ನನ್ನೇ ಯಾಕೆ ತಗೊಂಡರು?

ಗುಜರಿಗುರು:
ನಾನು ತಗೊಂಡೆ ಅಂತ ಎಲ್ಲಿ ಬರೆದಿದ್ದೇನೆ? ತೋರಿಸಿ.

ಆಕ್ಸೆಲ್_ವಕೀಲ:
ಯಾರು ತಗೊಂಡಿದ್ದರೂ ಬೇರೆ ಗಾಡಿಗೆ ಹಾಕುವ ಮೊದಲು ಆರ್‌ಟಿಓ ಅನುಮತಿ ಬೇಕು. ಸೆಕ್ಷನ್ 52.

ಗುಜರಿಗುರು:
"ಯಾರು ತಗೊಂಡಿದ್ದರೂ" ಅಂದಿರಲ್ಲ, ಸರಿಯಾಗಿದೆ. 540 ಅಣ್ಣ, ಕೊಯಮತ್ತೂರಿನ ಉಕ್ಕಡಂ ಗುಜರಿಗಳಲ್ಲಿ ವಿಚಾರಿಸಿ, ಇಂಥ ಎಂಜಿನ್ ಸಿಗುತ್ತದೆ. ಹೋಗುವಾಗ ಇಲ್ಲಿ ಬರೆಯಬೇಡಿ.